ಕೆಂಪು ಕಾರಿನ ಟರ್ಬೊ

"ಇಪ್ಪತ್ತೆರಡು ವರ್ಷದಿಂದ ಇದೇ ಕೈಯಲ್ಲಿ ಸ್ಪ್ಯಾನರ್ ಹಿಡಿದಿದ್ದೀನಿ, ಅಮ್ಮಾ. ಗಾಡಿಗೆ ಹೊಸ ಆಯಿಲ್ ಹಾಕದೇನೇ ಹಾಕಿದ್ದೀನಿ ಅಂತ ಒಂದು ದಿನಾನೂ ಸುಳ್ಳು ಹೇಳಿಲ್ಲ."

ಗ್ಯಾರೇಜಿನ ಮೇಸ್ತ್ರಿ ಹೊಸ್ತಿಲಾಚೆಯೇ ನಿಂತಿದ್ದರು. ಒಳಗೆ ಬನ್ನಿ ಎಂದರೂ, ಚಪ್ಪಲಿಗೆ ಗ್ರೀಸ್ ಮೆತ್ತಿದೆ ಎಂದು ನೆವ ಹೇಳಿದರು. ನೀರು ತಂದುಕೊಟ್ಟ ಪುಟ್ಟಿಯ ಮುಖವನ್ನು ಅವರು ನೋಡಲಿಲ್ಲ. ಲೋಟ ತೆಗೆದುಕೊಂಡು, ಚಿಕ್ಕಮ್ಮನ ಕಡೆಗೇ ತಿರುಗಿ ಮಾತು ಮುಂದುವರಿಸಿದರು.

ನಲವತ್ತಾರು ದಾಟಿದ್ದರೂ ಚಿಕ್ಕಮ್ಮನ ಬಾಯಲ್ಲಿ ಅವಳು ಪುಟ್ಟಿಯೇ. ಚಿಕ್ಕಮ್ಮ ಎಂದರೆ ತಾಯಿಯ ತಂಗಿ. ವಿಮಾ ಕಂಪನಿಗಾಗಿ ಮೂವತ್ತು ವರ್ಷ ಜಖಂಗೊಂಡ ಗಾಡಿಗಳನ್ನು ಪರಿಶೀಲಿಸಿದವರು. ನಜ್ಜುಗುಜ್ಜಾದ ತಗಡು ನೋಡಿ, ಹೇಳಿದವನ ಸುಳ್ಳು ಎಲ್ಲಿ ಶುರುವಾಯಿತು ಎಂದು ತೋರಿಸಬಲ್ಲವರು. ನಿವೃತ್ತಿಯಾದ ಮೇಲೆ ಪುಟ್ಟಿಯ ಮನೆಯ ಮಹಡಿ ಕೋಣೆಗೆ ಬಂದರು. ಅಂದಿನಿಂದ ಬೀದಿಯವರ ಬಿಡಿಸಲಾಗದ ಗಂಟುಗಳೆಲ್ಲ ಆ ಮೆಟ್ಟಿಲು ಹತ್ತುತ್ತಿದ್ದವು. ಅವರ ಟಾರ್ಚು, ಪುಟ್ಟ ಕನ್ನಡಿ, ಟಿಪ್ಪಣಿ ಪುಸ್ತಕಗಳ ಚೀಲ ಹೊರುವ ಕೆಲಸ ಪುಟ್ಟಿಯದು.

ಈ ಸಲದ ಗಂಟು ಮಾತ್ರ ಅವಳ ಮನೆಯದೇ. ದಂತವೈದ್ಯನಾದ ಅವಳ ಗಂಡನ ಕೆಂಪು ಕಾರು ಸೋಮವಾರ ಸೇತುವೆಯ ಮೇಲೆ ನೀಲಿ ಹೊಗೆ ಉಗುಳಿ ನಿಂತುಬಿಟ್ಟಿತ್ತು. ಬಿಚ್ಚಿ ನೋಡಿದರೆ ಟರ್ಬೊ ತಿರುಗದೆ ಬಿಗಿದುಕೊಂಡಿತ್ತು. ಮೂರು ತಿಂಗಳ ಹಿಂದೆ ಸರ್ವೀಸ್ ಮಾಡಿದಾಗ ಮೇಸ್ತ್ರಿ ಆಯಿಲ್ ಬದಲಾಯಿಸಲೇ ಇಲ್ಲ, ಅದಕ್ಕೇ ಹೀಗಾಯಿತು ಎಂದು ಗಂಡ ಗ್ಯಾರೇಜ್ ಮಾಲೀಕನ ಮುಂದೆ ಕೂಗಾಡಿದ್ದ.

"ಶನಿವಾರದೊಳಗೆ ಸಾಬೀತು ಮಾಡದಿದ್ರೆ ಮನೆಗೆ ಹೋಗು ಅಂದಿದ್ದಾರೆ," ಎಂದರು ಮೇಸ್ತ್ರಿ. "ಈ ವಯಸ್ಸಲ್ಲಿ, ಈ ಹೆಸರು ಹೊತ್ಕೊಂಡು, ಇನ್ಯಾವ ಗ್ಯಾರೇಜು ಸೇರಿಸ್ಕೊಳ್ಳುತ್ತೆ?"

ಪುಟ್ಟಿ ಖಾಲಿ ಲೋಟ ಹಿಡಿದು ಒಳಗೆ ಹೋದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಆ ಕಾರು ಕೊಳ್ಳುವಾಗ ಮನೆಯಲ್ಲಿ ಸಣ್ಣ ಮಹಾಯುದ್ಧವೇ ನಡೆದಿತ್ತು. ಗಂಡನಿಗೆ ಟರ್ಬೊ ಬೇಕು: ಹೊಗೆಯ ರಭಸಕ್ಕೆ ಅದರೊಳಗಿನ ಪುಟ್ಟ ಚಕ್ರ ತಿರುಗಿ ಇಂಜಿನ್ನಿಗೆ ಗಾಳಿ ತುಂಬುತ್ತದೆ, ಸಣ್ಣ ಇಂಜಿನ್ನಿನಿಂದಲೇ ದೊಡ್ಡ ಬಲ, ಮುಟ್ಟಿದರೆ ಮುಂದಕ್ಕೆ ನುಗ್ಗುತ್ತದೆ. ಅವಳಿಗೆ ತನ್ನಷ್ಟಕ್ಕೆ ತಾನೇ ಉಸಿರೆಳೆಯುವ ಸಾದಾ ಇಂಜಿನ್ ಇಷ್ಟ. ಕಾಲು ಒತ್ತಿದಷ್ಟೇ ಏರುತ್ತದೆ, ಬಿಟ್ಟಷ್ಟೇ ಇಳಿಯುತ್ತದೆ, ಕೆಡುವ ಭಾಗಗಳೂ ಕಡಿಮೆ.

"ನೀನು ಓಡಿಸೋದು ಯಾವಾಗ್ಲೋ ಒಮ್ಮೆ, ತರಕಾರಿಗೆ," ಎಂದು ಗಂಡ ನಕ್ಕಿದ್ದ. "ಬದನೆಕಾಯಿಗೆ ಯಾವ ಇಂಜಿನ್ ಆದ್ರೇನು?"

ಚಿಕ್ಕಮ್ಮ ಮಾತ್ರ, "ದಿನಾ ಓಡಿಸೋ ಗಾಡಿ ಅಂದ್ರೆ ಓಡಿಸೋರ ಕಾಲು ನೋಡಿ ಇಂಜಿನ್ ತಗೋಬೇಕು, ಡಾಕ್ಟ್ರೇ," ಎಂದಿದ್ದರು. ಯಾರ ಕಾಲು ಎಂದು ಆಗ ಯಾರೂ ಕೇಳಿರಲಿಲ್ಲ.

ಶುಕ್ರವಾರ ಇಬ್ಬರೂ ಗ್ಯಾರೇಜಿಗೆ ಹೋದರು. ಚಿಕ್ಕಮ್ಮ ಆಯಿಲ್ ಅಳೆಯುವ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಜೇನಿಗಿಂತ ತುಸು ಕಪ್ಪು, ಅಷ್ಟೇ. ಆಮೇಲೆ ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಕೊಳವೆಗೆ ಟಾರ್ಚು ಬಿಟ್ಟರು. ಒಳಗೆ ಸೀದ ಬಾಣಲೆಯ ತಳದಂತೆ ಕರಿ ಕಟ್ಟಿತ್ತು. ಮುಂದಿನ ಟೈರುಗಳ ಹೊರ ಅಂಚನ್ನು ಬೆರಳಲ್ಲಿ ಸವರಿದರು. ನಡುವೆ ಹೊಸದರಂತಿದ್ದ ಟೈರು ಅಂಚಿನಲ್ಲಿ ಉಜ್ಜಿಹೋಗಿತ್ತು. ಕೊನೆಗೆ ಕಾರಿನ ಬಾಗಿಲ ಒಳಬದಿಯಲ್ಲಿ ಮೇಸ್ತ್ರಿ ಅಂಟಿಸಿದ್ದ ಸರ್ವೀಸ್ ಚೀಟಿ ಓದಿ, ಮೀಟರು ನೋಡಿದರು.

"ಬರ್ಕೋ ಪುಟ್ಟಿ. ಚೀಟಿಯಿಂದ ಇವತ್ತಿಗೆ ಎರಡು ಸಾವಿರದ ಏಳುನೂರು ಕಿಲೋಮೀಟರ್."

ಪುಟ್ಟಿ ಬರೆದಳು. ಏಳು ಎಂಬ ಅಂಕಿ ಒಂದರಂತೆ ಕಂಡಿತು. ತಿದ್ದಿದಳು.

ಮನೆಗೆ ಬರುವಾಗ ಚಿಕ್ಕಮ್ಮನೇ ಮಾತು ತೆಗೆದರು. "ಡಾಕ್ಟ್ರು ಗಾಡಿ ನಿಲ್ಲಿಸಿದ ಮೇಲೂ ಒಂದು ನಿಮಿಷ ಇಂಜಿನ್ ಓಡ್ಸ್ತಾ ಕೂತಿರ್ತಾರಲ್ಲ, ಯಾಕೆ?"

"ಬೀದಿಯೋರೆಲ್ಲ ನೋಡ್ಲಿ ಅಂತ! ಇನ್ಯಾಕೆ?" ಎಂದು ಪುಟ್ಟಿ ನಕ್ಕಳು. "ನನಗಾದ್ರೆ ಆರಿಸಿದ ಮೇಲೆ ಬರೋ ಸದ್ದೇ ಇಷ್ಟ. ಟಿಕ್, ಟಿಕ್ ಅಂತ ಎಷ್ಟೋ ಹೊತ್ತು ಬರುತ್ತಲ್ಲ, ಗಾಡಿ ತಾನೇ ಏನೋ ಎಣಿಸ್ಕೊಳ್ಳೋ ಹಾಗೆ."

ಚಿಕ್ಕಮ್ಮ ಅವಳತ್ತ ಒಮ್ಮೆ ನೋಡಿ ರಸ್ತೆಯತ್ತ ತಿರುಗಿದರು.

ಶನಿವಾರ ಸಂಜೆ ಗ್ಯಾರೇಜಿನ ಕಚೇರಿಯಲ್ಲಿ ಎಲ್ಲರೂ ಸೇರಿದರು. ಮಾಲೀಕ ಮೇಜಿನ ಹಿಂದೆ, ಡಾಕ್ಟರು ಕೈಕಟ್ಟಿ ಕಿಟಕಿಯ ಬಳಿ, ಮೇಸ್ತ್ರಿ ಬಾಗಿಲಲ್ಲಿ. ಅವರು ತಮ್ಮ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಆಗಲೇ ಒರೆಸಿ, ಬೀಗ ಹಾಕಿ, ಕಾಲ ಬಳಿ ಇಟ್ಟುಕೊಂಡಿದ್ದರು. ಪುಟ್ಟಿಯ ಕಣ್ಣು ಮತ್ತೆ ಮತ್ತೆ ಆ ಬೀಗದ ಮೇಲೇ ಹೋಗುತ್ತಿತ್ತು.

"ಮೇಸ್ತ್ರಿ ಆಯಿಲ್ ಬದಲಾಯಿಸಿದ್ದಾರೆ," ಎಂದು ಚಿಕ್ಕಮ್ಮ ಶುರು ಮಾಡಿದರು. "ಹಳೇ ಆಯಿಲ್ ಆಗಿದ್ರೆ ಇಂಜಿನ್ ತುಂಬ ಕೊಳೆ ಇರ್ತಿತ್ತು. ಇಲ್ಲಿ ಆಯಿಲ್ ಚೆನ್ನಾಗಿದೆ, ಸುಟ್ಟಿರೋದು ಟರ್ಬೊ ಕೊಳವೆಯೊಳಗೆ ಮಾತ್ರ. ಗಾಡಿನ ಜೋರಾಗಿ ಓಡಿಸಿ, ಟರ್ಬೊ ಕೆಂಡದ ಹಾಗಿರುವಾಗ್ಲೇ ಇಂಜಿನ್ ಆರಿಸಿದ್ರೆ ಆಯಿಲ್ ಹರಿಯೋದು ನಿಂತುಹೋಗುತ್ತೆ. ನಿಂತ ಆಯಿಲ್ ಅಲ್ಲೇ ಸೀದುಹೋಗುತ್ತೆ. ಒಂದು ದಿನ ಅಲ್ಲ, ತಿಂಗಳುಗಟ್ಲೆ ಹಾಗೆ ಮಾಡಿರ್ಬೇಕು."

"ನಾನು ಅರವತ್ತು ಎಣಿಸದೆ ಯಾವತ್ತೂ ಆರಿಸಲ್ಲ!" ಎಂದ ಗಂಡ.

"ಗೊತ್ತು. ನೀವು ಹೋಗೋದೂ ಒಂದು ಸಲಕ್ಕೆ ನಾಲ್ಕು ಕಿಲೋಮೀಟರ್, ಜನಜಂಗುಳಿಯಲ್ಲಿ ತೆವಳ್ಕೊಂಡು. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಊಟಕ್ಕೆ ಬಂದು, ಸಂಜೆ ಮತ್ತೆ ಹೋಗಿಬಂದ್ರೆ ದಿನಕ್ಕೆ ಹದಿನಾರು, ಎಲ್ಲ ಸೇರಿದ್ರೂ ಮೂರು ತಿಂಗಳಿಗೆ ಸಾವಿರದ ಮುನ್ನೂರು ದಾಟಲ್ಲ. ಗಾಡಿ ಓಡಿರೋದು ಎರಡು ಸಾವಿರದ ಏಳುನೂರು. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಂತ ನೀವೇ ಗೊಣಗ್ತಿದ್ರಿ."

"ಹಾಗಾದ್ರೆ ಗ್ಯಾರೇಜಿನೋರೇ ಯಾರೋ..."

"ಮೂರು ತಿಂಗಳು ಗಾಡಿ ಗ್ಯಾರೇಜಿಗೆ ಬಂದೇ ಇಲ್ಲ. ಉಳಿದ ಸಾವಿರದ ನಾನೂರನ್ನ ನೀವು ಕ್ಲಿನಿಕ್ಕಿಗೆ ಹೋದ ಎಪ್ಪತ್ತೆಂಟು ದಿನಗಳಿಗೆ ಹಂಚಿದ್ರೆ ದಿನಕ್ಕೆ ಹದಿನೆಂಟು. ನಮ್ಮ ಮನೆಯಿಂದ ಗುಡ್ಡದ ತುದಿಗೆ ಹೋಗಿಬಂದ್ರೆ ಸರಿಯಾಗಿ ಹದಿನೆಂಟು. ತಿರುವಿನ ರಸ್ತೆ, ಅದಕ್ಕೇ ಟೈರಿನ ಅಂಚು ಸವೆದಿದೆ. ತುದಿಯಲ್ಲಿ ನಿಲ್ಲಿಸಿ ತಕ್ಷಣ ಆರಿಸಿದ್ದಾರೆ. ಗಾಡಿ ಮನೇಲಿದ್ದು, ನೀವು ಮಲಗಿದ್ದು, ನಾನು ಗ್ರಂಥಾಲಯದಲ್ಲಿರೋದು ಮಧ್ಯಾಹ್ನ ಎರಡರಿಂದ ನಾಲ್ಕು. ಆರಿಸಿದ ಮೇಲೆ ಟಿಕ್ ಟಿಕ್ ಸದ್ದು ಎಷ್ಟೋ ಹೊತ್ತು ಬರೋದನ್ನ ನೀವು ಕೇಳಿದ್ದೀರಾ, ಡಾಕ್ಟ್ರೇ?"

"ಯಾವ ಸದ್ದು?"

"ಅದೇ. ವಿಪರೀತ ಕಾದ ಲೋಹ ತಣಿಯುವಾಗ ಬರೋ ಸದ್ದು. ಕೇಳದವರಿಗೆ ಗೊತ್ತಿರಲ್ಲ." ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. "ಇಷ್ಟು ನನ್ನ ಕೆಲಸ. ಉಳಿದ ಒಂದು ಮಾತು ನನ್ನದಲ್ಲ."

ಹೊರಗೆ ಯಾರೋ ಟೈರಿಗೆ ಗಾಳಿ ತುಂಬುವ ಯಂತ್ರ ನಿಲ್ಲಿಸಿದರು.

"ನಾನೇ," ಎಂದಳು ಪುಟ್ಟಿ.

ಗಂಡ ಕಿಟಕಿಯಿಂದ ತಿರುಗಿದ. ಅವಳು ಅವನನ್ನು ನೋಡಲಿಲ್ಲ, ಪೆಟ್ಟಿಗೆಯ ಬೀಗ ನೋಡಿ ಮಾತಾಡಿದಳು. "ಮೊದಲ ವಾರ ಸುಮ್ನೆ ಒಂದು ಸುತ್ತು ಅಂತ ಹೋದೆ. ಬೇಡ ಅಂದಿದ್ದ ಗಾಡಿನೇ ಇಷ್ಟ ಆಗ್ಬಿಡ್ತು. ಅದನ್ನ ಹೇಳೋಕೆ ನಾಚಿಕೆ. ತುದಿಯಲ್ಲಿ ಆರಿಸಿದ್ರೆ ಯಾರೂ ಏನೂ ಕೇಳದ ಅರ್ಧ ಗಂಟೆ ನನಗೆ. ಟರ್ಬೊ ಹಾಳಾಗುತ್ತೆ ಅಂತ ಗೊತ್ತಿರಲಿಲ್ಲ. ಆದರೆ ಸೋಮವಾರದಿಂದ ಅನುಮಾನ ಇತ್ತು. ಮೇಸ್ತ್ರಿಯವರು ಬಾಗಿಲಿಗೆ ಬಂದಾಗ್ಲೂ ಬಾಯಿ ಬಿಡಲಿಲ್ಲ."

"ನಿನಗೆ ಅರವತ್ತು ಎಣಿಸೋದು..." ಗಂಡನ ಮಾತು ಅರ್ಧಕ್ಕೇ ನಿಂತಿತು. ಮೊದಲ ಸರ್ವೀಸ್ ಮುಗಿಸಿ ಗಾಡಿ ಕೊಟ್ಟ ದಿನ ಮೇಸ್ತ್ರಿ ಆ ನಿಯಮ ಹೇಳಿದ್ದು ಅವನೊಬ್ಬನಿಗೆ. ಬದನೆಕಾಯಿ ತರುವವಳಿಗೂ ಅದನ್ನು ಹೇಳಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ. ಕೊನೆಗೆ ಮೇಸ್ತ್ರಿಯ ಬಳಿ ಹೋಗಿ, "ತಪ್ಪಾಯ್ತು," ಎಂದ, ಅಭ್ಯಾಸವಿಲ್ಲದ ನಾಲಗೆಯಲ್ಲಿ.

ಮಾಲೀಕ ಎದ್ದು ಬಂದು ಪೆಟ್ಟಿಗೆಯನ್ನು ತಾನೇ ಎತ್ತಿ ಒಳಗಿಟ್ಟ.

ಹೊರಡುವಾಗ ಪುಟ್ಟಿ ಹಿಂದೆ ಉಳಿದು ಮೇಸ್ತ್ರಿಯನ್ನು ಕೇಳಿದಳು. "ನಿಮಗೆ ಗೊತ್ತಿತ್ತಾ?"

"ಎರಡು ಸಲ ಗುಡ್ಡದ ರಸ್ತೇಲಿ ನೋಡಿದ್ದೆ, ಮೇಡಂ. ತಿರುವು ಚೆನ್ನಾಗಿ ತಗೋತೀರಿ."

"ಮತ್ತೆ ಹೇಳಬಾರದಿತ್ತಾ? ಕೆಲಸ ಹೋಗ್ತಿತ್ತಲ್ಲ!"

"ಹೇಳ್ಬೇಕಾದವರು ಹೇಳ್ತಾರೇನೋ ಅಂತ ಕಾಯ್ತಿದ್ದೆ," ಎಂದರು ಮೇಸ್ತ್ರಿ. ದನಿಯಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಹದಿನೈದು ದಿನಗಳ ಮೇಲೆ ಹೊಸ ಟರ್ಬೊ ಕೂರಿಸಿದ ಮೇಸ್ತ್ರಿ, ಡಾಕ್ಟರು ಚಾಚಿದ ಕೈ ದಾಟಿಸಿ, ಕೀಲಿಯನ್ನು ಪುಟ್ಟಿಯ ಅಂಗೈಗೆ ಹಾಕಿದರು. ನಿಯಮವನ್ನು ಮೊದಲಿನಿಂದ ಹೇಳಿದರು. ಗಂಡ ಪಕ್ಕದ ಸೀಟಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡ.

ಗುಡ್ಡದ ತುದಿಯಲ್ಲಿ ಅವಳು ಗಾಡಿ ನಿಲ್ಲಿಸಿ, ಕೀಲಿಯ ಮೇಲೆ ಕೈಯಿಟ್ಟು, ತಿರುಗಿಸದೆ ಎಣಿಸತೊಡಗಿದಳು. ಇಪ್ಪತ್ತೆರಡಕ್ಕೆ ಬಂದಾಗ ಎಣಿಕೆ ತಪ್ಪಿತು. ಒರೆಸಿಟ್ಟ ಪೆಟ್ಟಿಗೆ ಕಣ್ಣ ಮುಂದೆ ಬಂದಿತ್ತು. ಮತ್ತೆ ಒಂದರಿಂದ ಶುರು ಮಾಡಿದಳು.