ಅತ್ತೆಯ ಒಪ್ಪಿಗೆ

"ಅಮ್ಮನ ಹೊಟ್ಟೆ ಸೀಳಿಸೋಕೆ ನಿಮಗ್ಯಾಕೆ ಇಷ್ಟು ಅವಸರ, ಅತ್ತಿಗೆ?"

ನಾದಿನಿ ಸ್ಕ್ಯಾನ್ ವರದಿಯನ್ನು ಊಟದ ಮೇಜಿನ ಮೇಲೆ ಎಸೆದು ಕೇಳಿದಾಗ ಸೊಸೆ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟಳು. ಹದಿನಾಲ್ಕು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿರುವವಳಿಗೆ ಕೂಗಾಡುವವರ ಎದುರು ಸುಮ್ಮನಿರುವುದು ರೂಢಿಯಾಗಿತ್ತು. ಮನೆಯಲ್ಲೂ ಅಷ್ಟೇ. ಅತ್ತೆ ಗಣಿತದ ಮೇಡಂ ಆಗಿ ನಿವೃತ್ತರಾದವರು. ಮದುವೆಯ ಹೊಸದರಲ್ಲೇ ನೆಂಟರ ಮುಂದೆ, "ನಮ್ಮ ಸೊಸೇದು ರಕ್ತ ಒರೆಸೋ ಕೆಲಸ" ಎಂದುಬಿಟ್ಟಿದ್ದರು. ಆ ಮಾತು ಒಳಗೇ ಮುರಿದುಕೊಂಡ ಮುಳ್ಳಿನಂತೆ ಇಂದಿಗೂ ಉಳಿದಿತ್ತು...

ಅತ್ತೆಯ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಕಾಣಿಸಿ ಹತ್ತು ದಿನವಾಗಿತ್ತು. ಸರ್ಜನ್ ಎರಡು ದಾರಿ ಹೇಳಿದ್ದರು. ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಕೀಹೋಲ್ ಆಪರೇಷನ್ನಿನಲ್ಲಿ ಗಾಯ ಚಿಕ್ಕದು, ನೋವು ಕಡಿಮೆ, ಬೇಗ ಮನೆಗೆ ಬರಬಹುದು. ಹೊಟ್ಟೆ ತೆರೆದು ಮಾಡಿದರೆ ಚೇತರಿಸಿಕೊಳ್ಳುವುದು ನಿಧಾನ. ಆದರೆ ಈ ಗಡ್ಡೆ ದೊಡ್ಡ ರಕ್ತನಾಳಕ್ಕೆ ಒತ್ತಿಕೊಂಡಿರುವುದರಿಂದ ತೆರೆದು ಮಾಡುವುದರಲ್ಲೇ ತಮಗೆ ಹೆಚ್ಚು ಹಿಡಿತ. ಮನೆಯವರು ಬಯಸಿದರೆ ಕೀಹೋಲ್‌ನಲ್ಲಿ ಶುರುಮಾಡಬಹುದು, ಅಗತ್ಯಬಿದ್ದರೆ ನಡುವೆಯೇ ಹೊಟ್ಟೆ ತೆರೆಯಬೇಕಾದೀತು ಎಂದಿದ್ದರು.

ಸೊಸೆ ತೆರೆದು ಮಾಡಿಸುವುದೇ ಸರಿ ಎಂದಿದ್ದಳು. ನಾದಿನಿ ತನ್ನ ಗೆಳತಿಯ ತಾಯಿಯ ಉದಾಹರಣೆ ಹಿಡಿದು ಕೂತಿದ್ದಳು. ಆಕೆ ಕೀಹೋಲ್ ಮಾಡಿಸಿಕೊಂಡು ವಾರದೊಳಗೆ ಮನೆಯಲ್ಲಿ ಓಡಾಡಿದ್ದರಂತೆ. ಅವರ ಗಡ್ಡೆ ಇದ್ದದ್ದು ಗ್ರಂಥಿಯ ಬಾಲದ ತುದಿಯಲ್ಲಿ, ಆ ದೊಡ್ಡ ರಕ್ತನಾಳದಿಂದ ದೂರ, ಇದು ಬೇರೆ ಜಾಗ ಎಂದು ಸೊಸೆ ಬಿಡಿಸಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡನಿಗೆ ಅತ್ತ ದರಿ, ಇತ್ತ ಪುಲಿ. ತಂಗಿಯ ಮುಖ, ಹೆಂಡತಿಯ ಮುಖ ನೋಡುತ್ತಲೇ ಊಟ ಮುಗಿಸಿದ.

ಮರುದಿನ ಮಧ್ಯಾಹ್ನ ಅತ್ತೆ ಸೊಸೆಯೊಬ್ಬಳನ್ನೇ ಕೋಣೆಗೆ ಕರೆದರು.

"ನಿನ್ನ ಹೆತ್ತಮ್ಮ ಇಲ್ಲಿ ಮಲಗಿದ್ದಿದ್ರೆ ಯಾವುದು ಮಾಡಿಸ್ತಿದ್ದೆ?"

"ತೆರೆದೇ ಮಾಡಿಸ್ತಿದ್ದೆ, ಅತ್ತೆ. ಆ ರಕ್ತನಾಳದ ಹತ್ತಿರ ಡಾಕ್ಟರಿಗೆ ಕೈ ಆಡಿಸೋಕೆ ಜಾಗ ಬೇಕು. ನೋವು ಮಾತ್ರ ಜಾಸ್ತಿ. ಅದರಲ್ಲಿ ಸುಳ್ಳು ಹೇಳಲ್ಲ."

"ಹೆಚ್ಚುಕಮ್ಮಿ ಆದ್ರೆ ಎಲ್ಲಾರೂ ನಿನ್ನ ಮೇಲೇ ಗೂಬೆ ಕೂರಿಸ್ತಾರೆ."

"ಗೊತ್ತು."

ಅತ್ತೆ ಕನ್ನಡಕ ಕೇಳಿ, ಒಪ್ಪಿಗೆ ಪತ್ರವನ್ನು ಒಂದು ಸಾಲೂ ಬಿಡದೆ ಓದಿ, ತೆರೆದ ಆಪರೇಷನ್ನಿಗೆ ಸಹಿ ಹಾಕಿದರು.

ಆಪರೇಷನ್ ನಡೆದದ್ದು ಸೊಸೆ ದುಡಿಯುವ ಆಸ್ಪತ್ರೆಯಲ್ಲೇ. ಆದರೂ ಮನೆಯವರ ಆಪರೇಷನ್ನಿಗೆ ಅವಳನ್ನು ಒಳಗೆ ಬಿಡಲಿಲ್ಲ. ಹೊರಗಿನ ಬೆಂಚು ಎಷ್ಟು ಗಟ್ಟಿ ಎಂಬುದು ಅವಳಿಗೆ ಅಂದೇ ತಿಳಿದದ್ದು. ಆರು ತಾಸು ಕಳೆದ ಮೇಲೆ ಸರ್ಜನ್ ಬಂದು, ಗಡ್ಡೆ ಪೂರ್ತಿ ತೆಗೆದಾಯಿತು ಎಂದರು.

ಐದನೆಯ ದಿನ ಜ್ವರ ಏರಿತು. ಒಳಗಿನ ಹೊಲಿಗೆಯ ಜಾಗದಿಂದ ಗ್ರಂಥಿಯ ರಸ ಸೋರುತ್ತಿತ್ತು. ಯಾವ ರೀತಿ ಮಾಡಿದ್ದರೂ ಹೀಗಾಗುವ ಸಂಭವ ಇದ್ದೇ ಇತ್ತೆಂದು ಸರ್ಜನ್ ಹೇಳಿದರು. ನಾದಿನಿಗೆ ಅದು ಬೇಕಿರಲಿಲ್ಲ. ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ, "ಈಗ ಸಮಾಧಾನ ಆಯ್ತಾ ಅತ್ತಿಗೆ?" ಎಂದಳು. ಗಂಡ ತಲೆ ತಗ್ಗಿಸಿದ.

ಹಾಸಿಗೆಯಿಂದ ಒಣಗಿದ ದನಿ ಬಂತು.

"ಅವಳನ್ನ ಬಿಡು. ಒಪ್ಪಿದ್ದು ನಾನು... ನೀವೆಲ್ಲ ನನಗೆ ಕೇಳೋಕೆ ಹಿತ ಆಗೋದನ್ನ ಹೇಳಿದ್ರಿ. ನಿಜ ಹೇಳಿದ್ದು ಇವಳೊಬ್ಬಳೇ."

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು.

ಸೋರುವುದು ನಿಲ್ಲಲು ನಾಲ್ಕು ವಾರ ಬೇಕಾಯಿತು. ಅಷ್ಟು ದಿನವೂ ಸೊಸೆ ರಜೆ ಹಾಕಿ ಪಕ್ಕದಲ್ಲಿದ್ದಳು. ಮನೆಗೆ ಬಂದ ಮೂರನೆಯ ಬೆಳಿಗ್ಗೆ, ಇನ್ನೂ ಪೂರ್ತಿ ಮಾಯದ ಗಾಯದ ಪಟ್ಟಿ ಬದಲಾಯಿಸುತ್ತಿದ್ದಾಗ ಅತ್ತೆ ಅವಳ ಮಣಿಕಟ್ಟು ಹಿಡಿದರು.

"ರಜೆ ಸಾಕು. ನಾಳೆ ಡ್ಯೂಟಿಗೆ ಹೋಗು. ಅಲ್ಲಿ ಯಾರದೋ ಅಮ್ಮ ಮಲಗಿರ್ತಾರೆ."

ಸೊಸೆಯ ಕಣ್ಣು ಮಂಜಾಗಿತ್ತು. ಪಟ್ಟಿಯ ಅಂಚನ್ನು ಮೆಲ್ಲನೆ ಒತ್ತಿ ಅಂಟಿಸಿ, ಬಾಗಿಲಲ್ಲಿ ನಿಂತಿದ್ದ ನಾದಿನಿಯನ್ನು ಗಾಯ ತೊಳೆಯುವ ಕ್ರಮ ಹೇಳಿಕೊಡಲು ಹತ್ತಿರ ಕರೆದಳು. ನಾದಿನಿ ಕೈ ತೊಳೆದುಕೊಂಡು ಬಂದಳು.