ಮುಚ್ಚಿದ ಪೆಟ್ಟಿಗೆಯ ಈಚೆ

ಬಿಸಿಲು ಬಲಿಯುವ ತಿಂಗಳು. ಬೆಳಗಿನಿಂದಲೇ ಒಣಗಾಳಿ ಅಂಗಳದ ಧೂಳೆಬ್ಬಿಸುತ್ತಿತ್ತು. ಅವಳು ಒಂದೊಂದೇ ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಒಳಗೆ ಜೀವ ಕಂಡದ್ದನ್ನು ಕರೆಂಟಿನ ಕಾವಿನಲ್ಲಿ ಮರಿಯೊಡೆಯುವ ಪೆಟ್ಟಿಗೆಯಲ್ಲಿ ಜೋಡಿಸಿ ಬಾಗಿಲು ಮುಚ್ಚಿದಳು.

ಕೋಳಿಮರಿ ಮಾಡಿ ಮಾರುವುದು ಅವಳ ಕಸುಬು.

"ಮರಿಯಕ್ಕ ಅಂದ್ರೆ ನೀವೇನಾ?"

ಹೊಸ್ತಿಲಲ್ಲಿ ಬಾಗಿಲು ತುಂಬ ನಿಂತಿದ್ದವನ ಮುಖ ಕೆಂಪಾಗಿತ್ತು.

"ಹೌದು. ಚಪ್ಪಲಿ ಹೊರಗೆ ಬಿಡಿ."

"ಬಿಡ್ತೀನಿ. ಮೊದಲು ನನ್ನ ಮಾನ ವಾಪಸ್ ಕೊಡಿ!"

ಅವಳಿಗೆ ತಿಳಿಯಿತು. ಇವನೇ ಮೊಟ್ಟೆಯವನು! ಈವರೆಗೆ ಇವನ ಸಾಕಣೆಯ ಮೊಟ್ಟೆ ಗಾಡಿಯಲ್ಲಿ ಬರುತ್ತಿತ್ತೇ ಹೊರತು ಇವನು ಬಂದಿರಲಿಲ್ಲ.

"ಸಂತೇಲಿ ನಿಂತು ನನ್ನ ಮೊಟ್ಟೆ ಸತ್ತ ಮೊಟ್ಟೆ ಅಂದ್ರಂತೆ. ಈಗ ಯಾರೂ ಮುಟ್ಟುತ್ತಿಲ್ಲ."

"ಇದ್ದದ್ದೇ ಹೇಳಿದೆ. ಪೂರ್ತಿ ಬೆಳೆದ ಮರಿಗಳು ಚಿಪ್ಪಿನೊಳಗೇ ಸತ್ತಿದ್ವು!"

"ಪೂರ್ತಿ ಬೆಳೆದಿದ್ವಲ್ಲ? ಮೊಟ್ಟೆ ತನ್ನ ಕೆಲಸ ಮಾಡಿದೆ. ಕೊನೇ ದಿನಗಳಲ್ಲಿ ಪೆಟ್ಟಿಗೆ ತೆಗೆದಿದ್ರಾ?"

"ಇಲ್ಲ!"

ಉತ್ತರ ತೀರಾ ಬೇಗ ಬಂತು.

ಮರಿಗಳೆಲ್ಲ ಒಡೆದು ಹೊರಬರುವ ತನಕ ಆ ಬಾಗಿಲು ತೆಗೆಯಬಾರದು. ಒಣಗಾಳಿ ನುಗ್ಗಿದರೆ ಚಿಪ್ಪಿನೊಳಗಿನ ಪೊರೆ ಆರಿ ಮರಿಯನ್ನು ಬಿಗಿದುಬಿಡುತ್ತದೆ. ಇದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

"ಸರಿ. ಈಗ ಒಳಗಿರೋದೂ ನನ್ನ ಮೊಟ್ಟೆಗಳೇ. ಒಡೆಯೋ ತನಕ ಇಲ್ಲೇ ಕೂರ್ತೀನಿ. ಸತ್ರೆ ನಾನು ಸಾಕಣೆ ಮುಚ್ತೀನಿ. ಬದುಕಿದ್ರೆ ಸಂತೇಲಿ ಆಡಿದ ಮಾತನ್ನ ಸಂತೇಲೇ ನುಂಗಬೇಕು."

"ಕೂರಿ. ನೆಲ ಪುಕ್ಕಟೆ. ಊಟ ಮಾತ್ರ ಸಿಗಲ್ಲ."

"ನಾನು ಹಾಕ್ತೀನಪ್ಪ," ಅಡುಗೆಮನೆಯಿಂದ ಚಿಕ್ಕಮ್ಮನ ದನಿ ಬಂತು. "ಇವಳ ಬೈಗುಳದಲ್ಲಿ ಹೊಟ್ಟೆ ತುಂಬಲ್ಲ."

ಚಿಕ್ಕಮ್ಮ ಅವನ ಚಾಪೆಯನ್ನು ಪೆಟ್ಟಿಗೆಯ ಮುಂದೆಯೇ ಹಾಸಿದಳು. ಮರಿಯಕ್ಕನಿಗೆ ಮೈಯೆಲ್ಲ ಉರಿಯಿತು.

ಮರುದಿನ ಮಧ್ಯಾಹ್ನ ಒಳಗಿಂದ ಸಣ್ಣಗೆ ಚಿಪ್ಪು ಕುಟ್ಟುವ ಸದ್ದು ಬಂತು. ಆಮೇಲೆ ನಿಂತಿತು.

ಅವಳ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಯಾಕೆ ನಿಂತಿತು? ಕಾವು ಏರಿತೇ? ತೇವಕ್ಕಿಟ್ಟ ನೀರು ಆರಿತೇ? ಅಯ್ಯೋ, ಎಲ್ಲ ಸತ್ತವೇ...?

ಗೊತ್ತಾಗುವ ಮೊದಲೇ ಅವಳ ಕೈ ಪೆಟ್ಟಿಗೆಯ ಹಿಡಿಯ ಮೇಲಿತ್ತು.

"ಕೈ ತೆಗೀರಿ!" ಅವನು ಚಾಪೆಯಿಂದ ಜಿಗಿದೆದ್ದ. "ಹೀಗೇನಾ ಪ್ರತಿಸಲ ಮಾಡ್ತಿದ್ದದ್ದು?"

"ಹೌದು! ತೆಗೀತಿದ್ದೆ!" ಅವಳು ಕಿರುಚಿದಳು. "ಮೊದಲನೇ ಸಲ ಕರೆಂಟು ಹೋದಾಗ ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ. ಬಂದು ಮುಟ್ಟಿದ್ರೆ ಪೆಟ್ಟಿಗೆ ತಣ್ಣಗಿತ್ತು. ಒಂದೂ ಉಳೀಲಿಲ್ಲ. ಅವತ್ತಿಂದ ನೋಡದೆ ಇದ್ರೆ ಉಸಿರೇ ಕಟ್ಟುತ್ತೆ ನಂಗೆ... ಬದುಕಿವೆಯಾ ಅಂತ ನೋಡೋಕೇ ತೆಗೀತಿದ್ದೆ!"

"ನೋಡಿ ನೋಡಿ ಕೊಂದ್ರಿ. ಕೊಂದು ನನ್ನ ಹೆಸರು ಹೇಳಿದ್ರಿ."

ಅವಳು ಹಿಡಿಯಿಂದ ಕೈ ತೆಗೆದಳು.

"ಗೆದ್ದಿರಲ್ಲ, ಹೋಗಿ," ಎಂದಳು.

"ಹೋದ್ರೆ ಮತ್ತೆ ತೆಗೀತೀರಿ." ಅವನು ಮೂಲೆಯಲ್ಲಿ ರಾಶಿ ಬಿದ್ದಿದ್ದ ಮೊಟ್ಟೆ ಇಡುವ ಕೊಳಕು ತಟ್ಟೆಗಳತ್ತ ಕೈ ತೋರಿದ. "ಹೊರಗೆ ಕೂತು ಅವನ್ನ ತೊಳೀರಿ. ಇದನ್ನ ನಾನು ಕಾಯ್ತೀನಿ. ಕರೆಂಟು ಹೋದ್ರೆ ಕೂಗ್ತೀನಿ."

"ನಿಮ್ಮನ್ನ ಹೇಗೆ ನಂಬಲಿ?"

"ನಂಬಬೇಡಿ. ಒಳಗಿರೋದು ನನ್ನ ಮಾನ. ಅದನ್ನ ನಾನು ಸಾಯಿಸ್ತೀನಾ?"

ಅವಳು ಹಲ್ಲು ಕಚ್ಚಿ ತಟ್ಟೆಗಳನ್ನು ಹೊತ್ತು ಹೊರನಡೆದಳು. ಒಂದು ತಟ್ಟೆ ಮುಗಿಯುವಷ್ಟರಲ್ಲಿ ಒಳಕ್ಕೆ ಕೂಗಿದಳು.

"ಕರೆಂಟಿದೆಯಾ?"

"ಇದೆ!"

ಇನ್ನೊಂದು ತಟ್ಟೆ.

"ಇದೆಯಾ...?"

"ಇದೆ! ಹೀಗೆ ಕೇಳ್ತಿದ್ರೆ ಅದೂ ಬೇಜಾರಾಗಿ ಎದ್ದುಹೋಗುತ್ತೆ!"

ನಗು ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಭಯ ಹೋಗಲಿಲ್ಲ. ಅವಳು ಕೇಳುತ್ತಲೇ ಇದ್ದಳು, ತಟ್ಟೆಗಳೂ ತೊಳೆದಾಗುತ್ತಲೇ ಇದ್ದವು. ಸಂಜೆಯ ಹೊತ್ತಿಗೆ ಮರಿಗಳ ಗೂಡಿಗೆ ಹೊಟ್ಟು ಹರಡಿ, ನೀರಿನ ಬೋಗುಣಿ ಉಜ್ಜಿ, ವಾರದಿಂದ ಮುಂದಕ್ಕೆ ತಳ್ಳಿದ ಕೆಲಸವನ್ನೆಲ್ಲ ಮುಗಿಸಿದ್ದಳು. ಅವನ ಆ ಒರಟು 'ಇದೆ'ಗಾಗಿ ತಾನು ಕಿವಿಗೊಟ್ಟು ಕಾಯುತ್ತಿದ್ದೇನೆಂದು ಆಗ ಹೊಳೆಯಿತು. ಛೇ! ಇವನ ದನಿಗೆ ನಾನ್ಯಾಕೆ ಕಾಯಬೇಕು?

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ತುಂಬ ಚಿಲಿಪಿಲಿ ಕೇಳಿಸಿತು.

"ಈಗ ತೆಗೀರಿ," ಎಂದ ಅವನು.

ತೆಗೆದಳು. ಒಂದೆರಡು ಮೊಟ್ಟೆ ಹಾಗೇ ಉಳಿದಿದ್ದವು. ಮಿಕ್ಕವೆಲ್ಲ ಹಳದಿ ಮರಿಗಳಾಗಿ ಒಂದರ ಮೇಲೊಂದು ಹತ್ತಿ ಬೀಳುತ್ತಿದ್ದವು. ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಅವನು ಸಮಾಧಾನ ಮಾಡಲಿಲ್ಲ, ಹೊರಡಲೂ ಇಲ್ಲ.

ಸಂತೆಯ ದಿನ ಅವಳು ಅವನ ಪಕ್ಕದಲ್ಲಿ, ಮರಿ ಕೊಳ್ಳುವವರ ನಡುವೆ ನಿಂತಳು.

"ಮೊಟ್ಟೆ ಚೆನ್ನಾಗಿತ್ತು. ಪೆಟ್ಟಿಗೆ ತೆಗೆದು ಮರಿ ಸಾಯಿಸಿದ್ದು ನಾನು. ಇವರ ಮೇಲೆ ಹೇಳಿದ್ದು ಸುಳ್ಳು."

"ಇನ್ಮೇಲೆ ನಿನ್ನ ಹತ್ರ ಮರಿ ಯಾರು ತಗೋತಾರೆ?" ಎಂದು ಯಾರೋ ನಕ್ಕರು. ಇಬ್ಬರು ಅಲ್ಲೇ ತಮ್ಮ ಖಾಲಿ ಬುಟ್ಟಿ ಎತ್ತಿಕೊಂಡು ಹೋದರು. ಅವಳು ಕದಲದೆ ನಿಂತಳು.

ಮರಳುವ ದಾರಿಯಲ್ಲಿ ಅವನು ಅವಳ ಜೊತೆಯೇ ನಡೆದ.

"ನಿಮ್ಮ ಋಣ ತೀರಿತು," ಎಂದಳು ಅವಳು. "ಇನ್ನು ನೀವು ಯಾವ ಕಡೆಗಾದ್ರೂ ತಿರುಗಬಹುದು."

"ನನ್ನ ಸಿಟ್ಟು ತೀರಿಲ್ಲ."

"ಮತ್ಯಾಕೆ ನನ್ನ ದಾರೀಲೇ ಬರ್ತಿದ್ದೀರಿ?"

ಅವನು ನಿಂತ. "ಯಾಕಂದ್ರೆ... ನೀನು 'ಇದೆಯಾ' ಅಂತ ಕೇಳ್ತಾನೇ ಇರ್ತೀಯ. ಉತ್ತರ ಹೇಳೋಕೆ ಪಕ್ಕದಲ್ಲಿ ನಾನು ಇಲ್ಲ ಅಂದ್ರೆ ನಂಗೆ ನಿದ್ದೆ ಬರಲ್ಲ. ಸಾಕಾ?"

ಅವಳ ಎದೆ ಮತ್ತೆ ಹೊಡೆದುಕೊಂಡಿತು. ಈ ಸಲ ಅದನ್ನು ತಡೆಯಬೇಕೆನಿಸಲಿಲ್ಲ.

"ನನ್ನ ಭಯ ಹೋಗಲ್ಲ, ಗೊತ್ತಾ?"

"ನನ್ನ ಸಿಟ್ಟೂ ಅಷ್ಟೇ."

"ಹಾಗಾದ್ರೆ ದಿನಾ ಜಗಳ ಆಗುತ್ತೆ."

"ಆಗ್ಲಿ."

"ಆಗ್ಲಿ," ಎಂದಳು ಅವಳೂ, ಮೆಲ್ಲಗೆ.