ಎಡಚಕ್ರದ ಒಳಗಿನ ಪ್ಯಾಡು

ಮಂಗಳವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಠಾಣೆಗೆ ಓಡಿಬಂದವನ ಕೊರಳಲ್ಲಿ ಬಟ್ಟೆ ಅಳೆಯುವ ಟೇಪು ನೇತಾಡುತ್ತಿತ್ತು. ಟೈಲರ್ ಅವನಲ್ಲ, ಅವನ ಹೆಂಡತಿ. ಆಸ್ಪತ್ರೆಯಲ್ಲಿ ಅವಳ ಕೊರಳಿಂದ ತೆಗೆದದ್ದನ್ನು ಎಲ್ಲಿಡಬೇಕೆಂದು ತೋಚದೆ ತಾನೇ ಹಾಕಿಕೊಂಡು ಬಂದಿದ್ದ.

"ನೀರಿನ ಕ್ಯಾನ್ ಸಾಗಿಸೋ ಪಿಕಪ್ ಸಾರ್. ಎಡಗಡೆ ಹೋಗ್ತಿದ್ದದ್ದು ಬ್ರೇಕ್ ಹಾಕಿದ್ದೇ ತಡ, ಬಲಕ್ಕೆ ಎಳ್ಕೊಂಡು ಸೀದಾ ನಮ್ಮಂಗಡಿ ಒಳಗೇ ನುಗ್ತು. ಮಿಷಿನ್ನೂ ಹೋಯ್ತು, ಅವಳ ಕಾಲೂ ಹೋಯ್ತು."

ದಫೇದಾರ ದೂರು ಬರೆದುಕೊಂಡ. ಎಫ್‌ಐಆರ್ ಆಯಿತು. ಇನ್‌ಸ್ಪೆಕ್ಟರ್ ಮೇಡಂ ಸ್ಥಳಕ್ಕೆ ಹೋಗಿ ಪಂಚನಾಮೆ ಮಾಡಿಸಿದರು. ಗಾಡಿಯನ್ನು ಎಳೆಸಿ ತಂದು ಠಾಣೆಯ ಹಿಂದಿನ ಯಾರ್ಡಿನಲ್ಲಿ ನಿಲ್ಲಿಸಿ ಬೀಗ ಹಾಕಿಸಿದರು. ಡ್ರೈವರ್ ಲಾಕಪ್ಪಿಗೆ ಬಂದ. ಅವನನ್ನು ಎಲ್ಲರೂ ಕರೆಯುವುದು ಆಮೆ ಅಂತ. ಸೈಕಲ್ಲಿನವರೂ ಅವನ ಗಾಡಿಯನ್ನು ಹಿಂದೆ ಹಾಕಿ, ಕೈಬೀಸಿ ಹೋಗುತ್ತಿದ್ದರು. ಅಂಥವನ ಮೇಲೆ ಅತಿವೇಗದ ಕೇಸು.

"ಎಷ್ಟು ಸ್ಪೀಡಲ್ಲಿದ್ದೆ?" ದಫೇದಾರ ಕೇಳಿದ.

"ಮೂವತ್ತು, ಸಾರ್."

"ಮೂವತ್ತರಲ್ಲಿ ಗೋಡೆ ಒಡೆಯುತ್ತೇನೋ? ಕುಡಿದಿದ್ಯಾ?"

"ಬೆಳಿಗ್ಗೆಯಿಂದ ಚಹಾನೂ ಕುಡಿದಿಲ್ಲ ಸಾರ್. ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದೆ. ಸ್ಟೀರಿಂಗನ್ನ ಯಾರೋ ಕೈಯಿಂದ ಕಿತ್ಕೊಂಡ ಹಾಗಾಯ್ತು. ಹೋದ ವಾರದಿಂದ ಮುಂದಿನ ಎಡಚಕ್ರ ಕರಕರ ಅಂತಿತ್ತು. ತೋರಿಸ್ದೆ. ಬರೀ ಧೂಳು, ಬ್ರೇಕ್ ಪ್ಯಾಡ್ ಬೇಕಾದಷ್ಟಿದೆ ಅಂದ್ರು ಗ್ಯಾರೇಜ್ ಮೇಸ್ತ್ರಿ."

"ಯಾವ ಮೇಸ್ತ್ರಿ?"

"ನಿಮ್ಮ ಭಾವನೇ, ಸಾರ್."

ದಫೇದಾರನ ಕೈ ತಾನಾಗಿಯೇ ಎದ್ದು ಆಮೆಯ ಕೆನ್ನೆಗೆ ಬಿತ್ತು. "ಕಣ್ಣುಮುಚ್ಚಿ ಓಡಿಸೋದು ನೀನು, ಹೊರಬೇಕಾದ್ದು ನಮ್ಮ ಭಾವನಾ?"

ಅದೇ ಬಿಸಿಯಲ್ಲಿ ಹೊರಗೆ ಬಂದು ಭಾವನಿಗೆ ಫೋನ್ ಮಾಡಿದ. "ಭಾವ, ಆ ಆಮೆ ನಿಮ್ಮ ಮೇಲೆ ಎತ್ತಿಹಾಕ್ತಿದಾನೆ. ತಲೆ ಕೆಡಿಸ್ಕೋಬೇಡಿ. ನಾಳೆ ಬೆಳಿಗ್ಗೆ ಆರ್‌ಟಿಒ ಬ್ರೇಕ್ ಇನ್‌ಸ್ಪೆಕ್ಟರ್ ಬಂದು ಗಾಡಿ ನೋಡ್ತಾರೆ, ಅವನ ಬಣ್ಣ ಬಯಲಾಗುತ್ತೆ."

ಮಧ್ಯಾಹ್ನ ಭಾವ ಬಂದರು, ಯಾರ್ಡಿನಲ್ಲೇ ನಿಂತಿದ್ದ ಠಾಣೆಯ ಜೀಪಿನ ಸೈಲೆನ್ಸರ್ ಸರಿಮಾಡಲು. ಆ ಜೀಪು ಇಷ್ಟು ವರ್ಷ ಓಡಿದ್ದೇ ಅವರ ಕೈಗುಣದಿಂದ. ದಫೇದಾರ ಯಾರ್ಡಿನ ಕೀ ಅವರ ಅಂಗೈಯಲ್ಲಿಟ್ಟು, ಬಂದೋಬಸ್ತಿಗೆ ಹೋದ. ಅನುಮಾನವೆಂಬುದು ಅವನ ನೆರಳಿಗೂ ತಾಗಿರಲಿಲ್ಲ.

ಬುಧವಾರ ಏಳೂವರೆಗೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದು, ಜ್ಯಾಕ್ ಏರಿಸಿ ಮುಂದಿನ ಎಡಚಕ್ರ ಬಿಚ್ಚಿಸಿದರು. ಹತ್ತು ಗಂಟೆಗೆ ಆಮೆಯನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಬ್ರೇಕು ಸರಿಯಿದ್ದರೆ ತಪ್ಪೆಲ್ಲ ಅವನ ತಲೆಗೆ.

"ಪ್ಯಾಡ್ ಎರಡೂ ದಪ್ಪಗಿವೆ," ಅಂದರು ಅವರು. "ಪಿನ್ನಿಗೆ ಗ್ರೀಸೂ ಇದೆ."

"ಹಾಗಾದ್ರೆ ಡ್ರೈವರ್‌ದೇ ತಪ್ಪು ಅಂತ ಬರ್ಕೊಳ್ಲಾ ಸಾರ್?"

"ತಾಳ್ರೀ ದಫೇದಾರ್ರೇ, ಬಸ್ಸೇನೂ ಹೊರಟುಹೋಗಲ್ಲ." ಅವರು ಚಕ್ರದ ಜೊತೆ ತಿರುಗುವ ಉಕ್ಕಿನ ಡಿಸ್ಕಿನ ಒಳಮುಖಕ್ಕೆ ಬೆರಳು ತಾಗಿಸಿ ಮೆಲ್ಲಗೆ ಸವರಿದರು. "ಮೇಡಂ, ನೀವೂ ಮುಟ್ಟಿ ನೋಡಿ."

ಒಳಮುಖದ ತುಂಬ ನೇಗಿಲು ಎಳೆದಂಥ ಗೀರುಗಳು. ಹೊರಮುಖ ಮಾತ್ರ ನುಣ್ಣಗಿತ್ತು.

"ಈ ಕ್ಯಾಲಿಪರ್ ಇದೆಯಲ್ಲ, ಇದು ಇಕ್ಕಳದ ಥರ. ಎರಡು ಪಿನ್ ಮೇಲೆ ಜಾರಿದ್ರೆ ಡಿಸ್ಕನ್ನ ಎರಡೂ ಕಡೆಯಿಂದ ಸಮನಾಗಿ ಹಿಡಿಯುತ್ತೆ. ಪಿನ್ ತುಕ್ಕು ಹಿಡಿದು ಕಚ್ಕೊಂಡ್ರೆ ಒಳಗಿನ ಪ್ಯಾಡ್ ಒಂದೇ ಉಜ್ಜುತ್ತೆ, ಸವೆದು ಕಬ್ಬಿಣಕ್ಕೆ ಬರುತ್ತೆ. ಎಡಗಡೆ ಹಿಡಿತ ಇಲ್ಲ, ಬಲಗಡೆ ಇದೆ. ಗಾಡಿ ಬಲಕ್ಕೆ ಎಳೆಯುತ್ತೆ. ಹೊರಗಿನ ಪ್ಯಾಡ್ ಮಾತ್ರ ದಷ್ಟಪುಷ್ಟ. ಚಕ್ರ ಬಿಚ್ಚದೆ ಇಣುಕಿದ್ರೆ ಅದೊಂದೇ ಕಾಣೋದು."

"ಆದ್ರೆ ಈಗ ಒಳಗಿನದೂ ದಪ್ಪಗಿದೆಯಲ್ಲ?" ಮೇಡಂ ಕೇಳಿದರು.

"ಅದೇ ಮಜಾ. ಇಂಥ ಡಿಸ್ಕಿನ ಮೇಲೆ ಒಂದು ಬೀದಿ ಓಡಿದ್ರೂ ಪ್ಯಾಡಿನ ಮೈಮೇಲೆ ಗೀರು ಬೀಳಬೇಕು. ಇದರ ಮೇಲೆ ಒಂದೂ ಇಲ್ಲ. ಪಿನ್ ಉಜ್ಜಿದಾರೆ, ಬ್ರೇಕಿನ ಗ್ರೀಸೇ ಹಚ್ಚಿದಾರೆ, ಪಿನ್ನಿನ ರಬ್ಬರ್ ಟೋಪಿ ಸಹ ಹೊಸದು. ಪ್ರತಿ ಸರ್ವೀಸಿಗೂ ಹೀಗೆ ಮಾಡಿದ್ರೆ ಯಾವ ಗಾಡೀನೂ ಯಾರಂಗಡಿಗೂ ನುಗ್ಗಲ್ಲ. ಒಳ್ಳೇ ಕೆಲಸಗಾರ ಮೇಡಂ. ಆದ್ರೆ ಮಾಡಿರೋದು ಅಪಘಾತ ಆದ್ಮೇಲೆ."

ಮೇಡಂ ತಿರುಗಿದರು. "ನಿನ್ನೆ ಯಾರ್ಡಿನ ಕೀ ಯಾರ ಹತ್ರ ಇತ್ತು?"

"ಮೊಳೆಗೆ ನೇತುಹಾಕಿತ್ತು ಮೇಡಂ," ಅಂದ ದಫೇದಾರ. ನಾಲಿಗೆ ಅವನನ್ನು ಕೇಳದೆಯೇ ಹೇಳಿಬಿಟ್ಟಿತು.

ದಫೇದಾರ ಲಾಕಪ್ಪಿನ ಮುಂದೆ ಹಾದುಹೋಗುವಾಗ ಆಮೆ ಕರೆದ. "ಸಾರ್, ರಾತ್ರಿಯೆಲ್ಲ ಯೋಚನೆ ಮಾಡ್ದೆ. ನನ್ನದೇ ತಪ್ಪಿರ್ಬೇಕು ಬಿಡಿ. ಬ್ರೇಕ್ ಅಂದ್ಕೊಂಡು ಬೇರೇನೋ ತುಳಿದೆ ಅನ್ಸುತ್ತೆ. ಒಪ್ಕೊಂಡುಬಿಡ್ತೀನಿ, ಹೇಗೆ ಬರೀಬೇಕು ಹೇಳಿ."

ಅವನ ಎಡಗೆನ್ನೆ ಇನ್ನೂ ಊದಿಕೊಂಡಿತ್ತು. ದಫೇದಾರನಿಗೆ ತನ್ನ ಬಲಗೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಸೀದಾ ಮೇಡಂ ಕೋಣೆಗೆ ಹೋಗಿ, ಸಲ್ಯೂಟ್ ಹೊಡೆಯುವುದನ್ನೂ ಮರೆತು ನಿಂತ.

"ಕೀ ನಾನೇ ಕೊಟ್ಟಿದ್ದು ಮೇಡಂ. ನಮ್ಮ ಭಾವನಿಗೆ. ಬ್ರೇಕ್ ಇನ್‌ಸ್ಪೆಕ್ಟರ್ ಬರ್ತಾರೆ ಅಂತ ಸುದ್ದಿ ಕೊಟ್ಟಿದ್ದೂ ನಾನೇ."

"ಈ ಮಾತು ಯಾರ್ಡಲ್ಲಿ ಯಾಕೆ ಬರ್ಲಿಲ್ಲ?"

ಅವನು ಯಾರ್ಡಿನ ಕೀ ತೆಗೆದು ಮೇಜಿನ ಮೇಲಿಟ್ಟ.

"ಜೀಪ್ ಹತ್ತಿ. ದಾರಿ ತೋರಿಸಿದ್ರೆ ಸಾಕು, ಅಲ್ಲಿ ಏನೂ ಮುಟ್ಟಬೇಡಿ, ಏನೂ ಕೇಳಬೇಡಿ. ವಾಪಸ್ ಬಂದ್ಮೇಲೆ ನಿಮ್ಮ ಹೇಳಿಕೆನೂ ಬರೆಸ್ಬೇಕು."

ಭಾವನ ಗ್ಯಾರೇಜಿನ ಹಿಂದೆಯೇ ಮನೆ. ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. "ಏನೋ ತಮ್ಮಾ, ಇಷ್ಟು ಬೆಳಿಗ್ಗೆ! ಮೇಡಮ್ಮನೂ ಬರ್ತಾರೆ ಅಂತ ಒಂದು ಫೋನ್ ಮಾಡ್ಬಾರ್ದಾ, ಕುರ್ಚಿನಾದ್ರೂ ಒರೆಸಿರ್ತಿದ್ದೆ." ದಫೇದಾರ ಗೋಡೆಗೆ ಒರಗಿಸಿದ್ದ ಟೈರುಗಳನ್ನು ನೋಡುತ್ತ ನಿಂತ.

ಗುಜರಿ ಡ್ರಮ್ಮಿನಲ್ಲಿ ಹಳೆಯ ಪ್ಯಾಡ್ ಜೋಡಿ ಸಿಕ್ಕಿತು: ಒಂದು ಬೆರಳುದಪ್ಪ, ಇನ್ನೊಂದು ಬರೀ ಕಬ್ಬಿಣದ ತಗಡು. ಪಂಚ ಸಾಕ್ಷಿಗಳ ಮುಂದೆ ಎರಡನ್ನೂ ಜಪ್ತಿ ಮಾಡಿದರು. ಭಾವ ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ಮಂಡಿಗಳ ನಡುವೆ ಒತ್ತಿ ಹಿಡಿದುಕೊಂಡಿದ್ದರು.

"ಒಳಗಿನ ಪ್ಯಾಡ್ ಅವತ್ತು ನೋಡಿದ್ರಾ?" ಮೇಡಂ ಕೇಳಿದರು.

"ಇಲ್ಲ."

"ಯಾಕೆ?"

"ಚಕ್ರ ಬಿಚ್ಚಬೇಕಾಗಿತ್ತು."

"ಅದೇ ತಾನೇ ನಿಮ್ಮ ಕೆಲಸ?"

ಭಾವ ಕೈ ಹೊರತೆಗೆದು ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಗಳಂತೆ ಅದುರುತ್ತಿದ್ದವು. "ವರ್ಷದಿಂದ ಹೀಗೆ. ಬೋಲ್ಟಿಗೆ ಸ್ಪ್ಯಾನರ್ ಕೂರಲ್ಲ. ಗಿರಾಕಿ ಪಕ್ಕದಲ್ಲೇ ನಿಂತು ನೋಡ್ತಿರ್ತಾನೆ. ಟಾರ್ಚ್ ಹಾಕಿ ಹೊರಗಿಂದ ಇಣುಕಿ, ಚೆನ್ನಾಗಿದೆ ಹೋಗಪ್ಪ ಅಂದುಬಿಡ್ತಿದ್ದೆ."

"ಮತ್ತೆ ನಿನ್ನೆ ಹೇಗೆ ಮಾಡಿದ್ರಿ?"

"ಯಾರ್ಡಲ್ಲಿ ನೋಡೋರು ಯಾರೂ ಇರ್ಲಿಲ್ಲ. ಸ್ಪ್ಯಾನರ್ ಎಷ್ಟು ಸಲ ಬಿತ್ತೋ, ಅಷ್ಟು ಸಲ ಎತ್ಕೊಂಡೆ. ಆಮೆ ಒಳಗೆ ಹೋಗ್ತಾನೆ ಅಂತ ಗೊತ್ತಿತ್ತು ಮೇಡಂ. ಗೊತ್ತಿದ್ದೇ ಮಾಡ್ದೆ."

ಅಕ್ಕ ಬಾಗಿಲ ಚೌಕಟ್ಟು ಹಿಡಿದಳು. "ಅದಕ್ಕೇ ಏನ್ರೀ, ಅರ್ಧ ಲೋಟ ಕಾಫಿ ಸಾಕು, ಅರ್ಧ ಲೋಟ ಸಾಕು ಅಂತಿದ್ದಿದ್ದು? ನಂಗೂ ಹೇಳ್ಬಾರ್ದಿತ್ತಾ?"

"ನಿಂಗೇ ಮೊದಲು ಹೇಳೋಕಾಗ್ಲಿಲ್ಲ ಕಣೇ."

ಈ ವರ್ಷ ಹೀಗೆ ಇಣುಕಿ ಕಳಿಸಿದ ಗಾಡಿಗಳು ಯಾರ್ಯಾರವು ಎಂದು ಮೇಡಂ ಅಲ್ಲೇ ಕೇಳಿದರು. ನೆನಪಾದವರನ್ನೆಲ್ಲ ಭಾವ ಹೇಳಿದರು: ಶಾಲೆ ವ್ಯಾನು, ಹಾಲಿನ ಆಟೊ, ಪಕ್ಕದ ಮನೆಯವರ ಕಾರು. ಗಾಡಿ ಓಡಿಸಬೇಡಿ ಎಂದು ಅವರಿಗೆಲ್ಲ ಹೇಳಲು ಇಬ್ಬರು ಕಾನ್‌ಸ್ಟೇಬಲ್‌ಗಳು ಓಡಿದರು.

ಠಾಣೆಯಲ್ಲಿ ಆಮೆಯನ್ನು ಬಿಟ್ಟುಕಳಿಸಲು ಲಾಕಪ್ಪಿನ ಬಾಗಿಲು ತೆಗೆಯುವಾಗ ದಫೇದಾರ ಏನೋ ಹೇಳಲು ಹೋದ. "ಆಮೆ... ಆ ಏಟು..."

"ಬಿಡಿ ಸಾರ್. ಟೈಲರಮ್ಮನ ಕಾಲು ಹೇಗಿದೆ?"

ದಫೇದಾರನಿಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ನಿರ್ಲಕ್ಷ್ಯ ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ಮೇಸ್ತ್ರಿಯ ಬಂಧನವನ್ನು ಹನ್ನೊಂದೂ ಕಾಲಿಗೆ ದಾಖಲಿಸಲಾಯಿತು. ಮೇಡಂ ಸಹಿಗಾಗಿ ಕಾಗದವನ್ನು ಅವರ ಮುಂದೆ ತಳ್ಳಿ ಪೆನ್ನು ಕೊಟ್ಟರು. ಭಾವ ಪೆನ್ನು ಹಿಡಿದರು, ಕೆಳಗಿಟ್ಟರು, ಕೋಣೆಯಲ್ಲಿದ್ದವರನ್ನೆಲ್ಲ ಒಮ್ಮೆ ನೋಡಿದರು.

"ಸ್ವಲ್ಪ ಎಲ್ಲರೂ ಆ ಕಡೆ ತಿರುಗ್ತೀರಾ?"

ಮೇಡಂ ಕಿಟಕಿಯತ್ತ ತಿರುಗಿದರು. ಠಾಣೆಯ ರೈಟರ್ ಫೈಲಿನತ್ತ ಬಗ್ಗಿದ. ದಫೇದಾರ ಗೋಡೆಯ ಕಡೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ಪೆನ್ನು ಮೇಜಿನ ಮೇಲೆ ಬಿತ್ತು, ಉರುಳಿತು, ಮತ್ತೆ ಎತ್ತಿಕೊಂಡ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ.